ರಸ್ತೆ ದಾಟುವ ಇರುವೆಗಳು ಹಾಗೂ ಅಂಗನವಾಡಿ ಮಕ್ಕಳ ಬೆರಗಿನ ಮಿತಿ ಕುರಿತು

ಹೆಸರು ನಮೂದಿಸಲು ಇಚ್ಛಿಸದ ಇಲಾಖೆ
ಶಿಶು ಬೆರಗು ನಿಯಂತ್ರಣ ಶಾಖೆ
ಶಿಕಾರಿಪುರ–ಸೊರಬ ಜಂಟಿ ವಲಯ

ಸಂಖ್ಯೆ: ಶಿಬೆನಿ/ಇರುವೆ/ಬಸ್ಸು-೧/ಮಕ್ಕಳು-೧೩

ಸುತ್ತೋಲೆ

ವಿಷಯ: ಮಕ್ಕಳಲ್ಲಿ ದಯೆ, ಕುತೂಹಲ ಮತ್ತು ಬೆರಗನ್ನು ಮಂಜೂರಾದ ಪ್ರಮಾಣದಲ್ಲಿ ಮಾತ್ರ ಪೋಷಿಸುವ ಬಗ್ಗೆ.

ಉಲ್ಲೇಖ: ೧) ಜಂಟಿ ವಲಯಾಧಿಕಾರಿಗಳು ಜೀಪಿನಿಂದ ಇಳಿದು ನೀಡಿದ ಮೌಖಿಕ ಆದೇಶ.
೨) ಶ್ರೀಮತಿ ಸಫೂರಾ ಅವರ ಲಿಖಿತ ಸಮಜಾಯಿಷಿ (ಅತೃಪ್ತಿಕರ).
೩) ಕುಮಾರಿ ದಿವ್ಯ ಅವರ ತುರ್ತು ಪತ್ರ.

ಪ್ರಸ್ತಾವನೆ:

ಸೊರಬ ತಾಲ್ಲೂಕಿನ ಒಂದು ಊರಿನ ಅಂಗನವಾಡಿಯಲ್ಲಿ (ಊರಿನ ಹೆಸರು ಬರೆಯಬಾರದೆಂದು ಊರವರೇ ಕೋರಿದ್ದಾರೆ) ಶ್ರೀಮತಿ ಸಫೂರಾ ಎಂಬವರು ಹದಿನಾಲ್ಕು ವರ್ಷಗಳಿಂದ ಕಾರ್ಯಕರ್ತೆಯಾಗಿದ್ದಾರೆ. ಆನವಟ್ಟಿಯಲ್ಲಿ ಸ್ಟೌ, ಕುಕ್ಕರ್ ರಿಪೇರಿ ಮಾಡುವ ಜಹಾಂಗೀರ್ ಇವರ ಪತಿ. ಸದರಿಯವರು ದಿನವೂ ಬಸ್ಸಿನಲ್ಲಿ ಬಂದು, ಹದಿಮೂರು ಮಕ್ಕಳ ತೂಕ, ಎತ್ತರ, ತೋಳಿನ ಸುತ್ತಳತೆಗಳನ್ನು ಬರೆದು, ಊಟ ಬಡಿಸಿ, ಮಲಗಿಸಿ, ಎಬ್ಬಿಸಿ ಹೋಗುತ್ತಿದ್ದರು. ಈವರೆಗೆ ಇವರ ಮೇಲೆ ಯಾವ ದೂರೂ ಇರಲಿಲ್ಲ. ಅಂದರೆ, ಇಲಾಖೆ ಇವರನ್ನು ನೋಡಿರಲೇ ಇಲ್ಲ.

ಕಳೆದ ಫೆಬ್ರವರಿಯ ಒಂದು ಬುಧವಾರ ಮಕ್ಕಳಿಗೆ ಶೇಂಗಾ ಚಿಕ್ಕಿ ವಿತರಿಸಲಾಯಿತು. ಹರ್ಷವರ್ಧನ ಎಂಬ ನಾಲ್ಕೂವರೆ ವರ್ಷದ ಬಾಲಕನ ಕೈಯಿಂದ ಒಂದು ಚೂರು ಬಿದ್ದು, ಅದನ್ನು ಇರುವೆಗಳು ಹೊತ್ತೊಯ್ಯಲಾರಂಭಿಸಿದವು. ಬಾಲಕನು ಅಳಬೇಕಾಗಿತ್ತು. ಅಳುವ ಬದಲು, “ಟೀಚರ್, ಇವು ಇದನ್ನ ಎಲ್ಲಿಗೆ ತಗಂಡು ಹೋಗ್ತಾವೆ?” ಎಂದು ಕೇಳಿರುತ್ತಾನೆ.

ಇಂತಹ ಸಂದರ್ಭದಲ್ಲಿ “ಸುಮ್ನೆ ಕೂತ್ಕೋ” ಎನ್ನುವುದು ಇಲಾಖೆಯ ಅಂಗೀಕೃತ ಉತ್ತರ. ಸಫೂರಾ ಅವರ ಬಾಯಿಗೂ ಅದೇ ಬಂದಿತ್ತೆಂದು ಅವರೇ ಒಪ್ಪಿಕೊಂಡಿದ್ದಾರೆ. ಆದರೆ ಆ ಕ್ಷಣದಲ್ಲಿ, ಇರುವೆಗಳು ಎಲ್ಲಿಗೆ ಹೋಗುತ್ತವೆಂಬುದು ತನಗೂ ತಿಳಿಯದು, ಹುಟ್ಟಿದಾಗಿನಿಂದ ಇರುವೆ ನೋಡುತ್ತಿದ್ದರೂ ಒಮ್ಮೆಯೂ ಹಿಂದೆ ಹೋಗಿ ನೋಡಿಲ್ಲ ಎಂಬುದು ಅವರಿಗೆ ಹೊಳೆಯಿತು. “ನಡೀರಿ, ನೋಡ್ಕಂಡು ಬರಾನ” ಎಂದುಬಿಟ್ಟರು.

ಹದಿಮೂರು ಮಕ್ಕಳು ಕೈಕೈ ಹಿಡಿದು ಇರುವೆಸಾಲಿನ ಪಕ್ಕದಲ್ಲೇ ನಡೆದರು. ಸಾಲು ಹೊಸ್ತಿಲು ದಾಟಿ, ಅಂಗಳ ದಾಟಿ, ಡಾಂಬರು ರಸ್ತೆಗೆ ಇಳಿಯಿತು. ಅದೇ ಹೊತ್ತಿಗೆ ಆನವಟ್ಟಿಯ ಬಸ್ಸು ಬಂತು. ಮಕ್ಕಳನ್ನು ರಸ್ತೆಯ ಅಂಚಿನಲ್ಲೇ ನಿಲ್ಲಿಸಿದ ಸಫೂರಾ ಅವರು ಮುಂದೆ ಓಡಿ ಎರಡೂ ಕೈ ಎತ್ತಿದರು. ಚಾಲಕ ಮಾಲತೇಶ್ ಬ್ರೇಕ್ ಹಾಕಿ ಕೆಳಗಿಳಿದು ನೋಡಿದರು.

“ಎಷ್ಟೊತ್ತು ಬೇಕ್ರೀ ಇವುಕ್ಕೆ ದಾಟಾಕೆ?”

“ಗೊತ್ತಿಲ್ರೀ ಅಣ್ಣಾ. ಸಾಲಿನ ಬಾಲ ಇನ್ನೂ ಒಳಗೇ ಐತಿ.”

ಆಗ ಹರ್ಷವರ್ಧನನು ಬಸ್ಸನ್ನೂ ಇರುವೆಗಳನ್ನೂ ಒಮ್ಮೆ ನೋಡಿ, “ಮಾಮಾ, ಗಾಲಿ ಮುಟ್ಟಿದ್ರೆ ಮಾತ್ರ ಅವು ಸಾಯ್ತಾವೆ. ದಾರಿಗೆ ಒಂದು ಹಲಗಿ ಇಡ್ರಿ, ಅವು ಅಡೀಲಿ ಹೋಗ್ಲಿ” ಎಂದನು. ಪ್ರಯಾಣಿಕರು ಇಳಿದರು. ಬಾಳೆಗೊನೆ ತಂದಿದ್ದ ಗೋಪಾಲಪ್ಪ ಎಂಬ ರೈತರು ಎರಡು ಹಲಗೆ, ನಾಲ್ಕು ಕಲ್ಲು ಹುಡುಕಿ ತಂದರು. ಇರುವೆಸಾಲಿನ ಮೇಲೊಂದು ಸೇತುವೆ ಸಿದ್ಧವಾಯಿತು. ಅದರ ಮೇಲೆ ಬಸ್ಸು ಒಂದೊಂದೇ ಇಂಚು ಉರುಳಿತು. ಒಂದು ಇರುವೆಯೂ ಸಾಯಲಿಲ್ಲ. ಈ ಕಾಮಗಾರಿಗೆ ಟೆಂಡರ್ ಕರೆದಿರಲಿಲ್ಲ.

ಇದೆಲ್ಲಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಬಸ್ಸಿನ ಹಿಂದೆ ಜಂಟಿ ವಲಯಾಧಿಕಾರಿಗಳ ಜೀಪು ಸಿಕ್ಕಿಕೊಂಡಿತ್ತು. ಸನ್ಮಾನ್ಯರು ಶಿಕಾರಿಪುರದಲ್ಲಿ ‘ಎಳೆಯರಲ್ಲಿ ದಯೆ, ಕುತೂಹಲ ಮತ್ತು ಬೆರಗು’ ಎಂಬ ಕಾರ್ಯಾಗಾರದ ದೀಪ ಬೆಳಗಲು ತೆರಳುತ್ತಿದ್ದರು. ಅವರು ಇಳಿದು, “ಯಾರ್ರೀ ಇದಕ್ಕೆಲ್ಲ ಪರ್ಮಿಷನ್ ಕೊಟ್ಟೋರು?” ಎಂದು ಗದರಿದರು. ಉತ್ತರವಾಗಿ ಹರ್ಷವರ್ಧನನು, “ಅಜ್ಜಾ, ಬೂಟು ಸ್ವಲ್ಪ ಸರಸ್ರಿ, ಅಡೀಲಿ ಒಂದು ಐತಿ” ಎಂದನು. ಸನ್ಮಾನ್ಯರ ವಯಸ್ಸು ಐವತ್ತೆರಡು. ಸೇವಾ ಪುಸ್ತಕದ ಯಾವ ಪುಟದಲ್ಲೂ ಅವರನ್ನು ಅಜ್ಜ ಎಂದು ನಮೂದಿಸಿರುವುದಿಲ್ಲ.

ಮರುದಿನವೇ ನೋಟಿಸು ಹೋಯಿತು. ತಪ್ಪೊಪ್ಪಿಗೆಯ ಮುಚ್ಚಳಿಕೆಯನ್ನು ಇಲಾಖೆಯೇ ಟೈಪು ಮಾಡಿಸಿ ಕಳುಹಿಸಿತ್ತು, ಸಹಿಯೊಂದೇ ಬಾಕಿ. “ಬರೆದು ಕೊಟ್ಬಿಡು ಮಾರಾಯ್ತಿ. ಇರುವೆ ಸಲುವಾಗಿ ನೌಕರಿ ಕಳ್ಕಬ್ಯಾಡ” ಎಂದು ಜಹಾಂಗೀರ್ ಹೇಳಿದ್ದರಲ್ಲಿ ತಪ್ಪೇನಿಲ್ಲ. ಸಫೂರಾ ಅವರೂ ಪೆನ್ನು ತೆಗೆದುಕೊಂಡರು. ಬಸ್ಸು ನಿಲ್ಲಿಸಿದ್ದು ತಪ್ಪು ಎಂಬ ಸಾಲನ್ನು ಒಪ್ಪಿದರು. ಅಧಿಕಾರಿಗಳಿಗೆ ತಡವಾದದ್ದು ತಪ್ಪು ಎಂಬುದನ್ನೂ ಒಪ್ಪಿದರು. ‘ಇನ್ನು ಮುಂದೆ ಮಕ್ಕಳು ಪ್ರಶ್ನೆ ಕೇಳದಂತೆ ನೋಡಿಕೊಳ್ಳುತ್ತೇನೆ’ ಎಂಬ ಸಾಲಿಗೆ ಬಂದಾಗ ಕೈ ನಿಂತಿತು. ಬಸ್ಸು, ಜೀಪು ಹೋದ ಮೇಲೆ, ರಸ್ತೆಯಾಚೆ ಹುಣಸೆಬುಡದ ತೂತಿನೊಳಗೆ ಆ ಚಿಕ್ಕಿಚೂರು ಇಳಿದಾಗ ಹದಿಮೂರು ಮಕ್ಕಳು ಉಸಿರು ಬಿಗಿಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದು ಅವರ ಕಣ್ಣಿಗೆ ಕಟ್ಟಿತ್ತು. ಹದಿನಾಲ್ಕು ವರ್ಷ ತಾವು ತುಂಬಿದ ಯಾವ ರಿಜಿಸ್ಟರಿನಲ್ಲೂ ಅದಕ್ಕೊಂದು ಕಾಲಂ ಇರಲಿಲ್ಲ. ಆ ಸಾಲನ್ನು ಹೊಡೆದುಹಾಕಿ, ಅಂಚಿನಲ್ಲಿ, ‘ಇದೊಂದು ನನ್ನ ಕೈಲಿ ಆಗಲ್ಲ ಸಾರ್. ನನಗೂ ನೋಡಬೇಕು ಅನ್ನಿಸಿತ್ತು’ ಎಂದು ಬರೆದು ಸಹಿ ಮಾಡಿದರು.

ಪರಿಣಾಮವಾಗಿ ಅವರನ್ನು ಎರಡು ಬಸ್ಸು ಬದಲಿಸಿ ತಲುಪಬೇಕಾದ ಶಿಕಾರಿಪುರ ತಾಲ್ಲೂಕಿನ ಕೇಂದ್ರಕ್ಕೆ ಎತ್ತಂಗಡಿ ಮಾಡಲಾಯಿತು. ಅವರ ಸ್ಥಾನಕ್ಕೆ, ಮೇಲ್ಕಂಡ ಕಾರ್ಯಾಗಾರದಲ್ಲಿ ಪ್ರಮಾಣಪತ್ರ ಪಡೆದ ಕುಮಾರಿ ದಿವ್ಯ ಅವರನ್ನು ನಿಯೋಜಿಸಲಾಯಿತು.

ಆದಕಾರಣ, ಎಲ್ಲ ಅಂಗನವಾಡಿಗಳಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ದಯೆಯನ್ನು ಹಸು, ಗಿಳಿ ಹಾಗೂ ಪಠ್ಯದಲ್ಲಿರುವ ಮೊಲಕ್ಕೆ ಮಾತ್ರ ತೋರತಕ್ಕದ್ದು. ಆರು ಕಾಲಿನ ಜೀವಿಗಳಿಗೆ ಪೂರ್ವಾನುಮತಿ ಅಗತ್ಯ. ಕಾಲು ಎಣಿಸುವ ನೆಪದಲ್ಲಿ ಜೀವಿಯನ್ನು ಹತ್ತಿರದಿಂದ ನೋಡುವಂತಿಲ್ಲ.

೨. ಕುತೂಹಲಕ್ಕೆ ಪ್ರತಿ ಗುರುವಾರ ೧೧ರಿಂದ ೧೧.೨೦ರವರೆಗೆ ಸಮಯ ನಿಗದಿಪಡಿಸಲಾಗಿದೆ. ಗುರುವಾರ ರಜೆಯಿದ್ದಲ್ಲಿ ಆ ವಾರದ ಕುತೂಹಲ ರದ್ದು.

೩. ಮಗುವೊಂದಕ್ಕೆ ದಿನಕ್ಕೆ ಒಂದು ‘ಯಾಕೆ’. ‘ಅದ್ಯಾಕೆ ಹಂಗೆ?’ ಎಂಬುದನ್ನು ಎರಡು ಎಂದು ಪರಿಗಣಿಸಲಾಗುವುದು. ಬಳಸದೆ ಉಳಿದ ‘ಯಾಕೆ’ಯನ್ನು ತಮ್ಮ, ತಂಗಿಯರಿಗೆ ವರ್ಗಾಯಿಸುವಂತಿಲ್ಲ.

೪. ಬೆರಗುಗೊಂಡ ಮಗುವಿನ ಫೋಟೋವನ್ನು ಆ್ಯಪಿಗೆ ಹಾಕತಕ್ಕದ್ದು. ನೆಟ್‌ವರ್ಕ್ ಇಲ್ಲದ ಕಡೆ, ಅದು ಬರುವ ತನಕ ಮಗು ಬಾಯಿ ತೆರೆದೇ ಇರತಕ್ಕದ್ದು. ನೊಣಗಳ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

೫. ಗುಡವಿ ಪಕ್ಷಿಧಾಮಕ್ಕೆ ಪ್ರವಾಸ ಕರೆದೊಯ್ದಾಗ, ಕಾರ್ಯಕರ್ತೆಗೆ ಹೆಸರು ಗೊತ್ತಿರುವ ಹಕ್ಕಿಗಳನ್ನು ಮಾತ್ರ ಮಕ್ಕಳು ನೋಡತಕ್ಕದ್ದು. ಉಳಿದವು ಹಾರಿಬಂದಲ್ಲಿ ಕಣ್ಣು ಮುಚ್ಚಿಕೊಳ್ಳತಕ್ಕದ್ದು.

೬. ಅಧಿಕಾರಿಗಳನ್ನು ‘ಅಜ್ಜ’ ಎನ್ನುವುದನ್ನು ನಿಷೇಧಿಸಿದೆ. ‘ಅಣ್ಣ’ ಎಂಬುದಕ್ಕೆ ಆಕ್ಷೇಪಣೆ ಇರುವುದಿಲ್ಲ.

೭. ಕುಮಾರಿ ದಿವ್ಯ ಅವರು ಅಧಿಕಾರ ವಹಿಸಿಕೊಂಡ ದಿನವೇ ಸಂಜೆ ಕಚೇರಿಗೆ ಮಕ್ಕಳು ಕೇಳಿದ ನಲವತ್ತೊಂದು ಪ್ರಶ್ನೆಗಳ ಪಟ್ಟಿ ಕಳುಹಿಸಿ, ಸ್ಪಷ್ಟೀಕರಣ ಕೋರಿದ್ದಾರೆ. ಮೀನಿಗೆ ಬಾಯಾರಿಕೆ ಆಗುತ್ತದೆಯೇ, ಚಂದ್ರನು ಬಸ್ಸಿನ ಸಂಗಡವೇ ಏಕೆ ಬರುತ್ತಾನೆ ಮುಂತಾದವು ಪರಿಶೀಲನೆಯಲ್ಲಿವೆ. ಇಪ್ಪತ್ತೊಂಬತ್ತರಿಂದ ನಲವತ್ತೊಂದರವರೆಗಿನದು ಒಂದೇ ಪ್ರಶ್ನೆ, ಹದಿಮೂರು ಮಕ್ಕಳು ಬೇರೆಬೇರೆಯಾಗಿ ಕೇಳಿದ್ದು: “ನಮ್ ಸಫೂರಾ ಟೀಚರ್‌ನ ಯಾಕ್ ಕಳಿಸಿದ್ರಿ?” ಇದಕ್ಕೆ ಕಡತದಲ್ಲಿ ಉತ್ತರ ಹುಡುಕಲಾಯಿತು. ದೊರೆಯಲಿಲ್ಲ.

೮. ಆದುದರಿಂದ ಸಫೂರಾ ಅವರ ವರ್ಗಾವಣೆಯನ್ನು ಕೇವಲ ಆಡಳಿತಾತ್ಮಕ ಕಾರಣಗಳಿಂದ ರದ್ದುಪಡಿಸಲಾಗಿದೆ. ಇದನ್ನು ಇಲಾಖೆಯ ಸೋಲೆಂದು ಯಾರೂ ಭಾವಿಸತಕ್ಕದ್ದಲ್ಲ. ಅವರು ಸೋಮವಾರ ಕೇಂದ್ರದ ಬೀಗ ತೆಗೆಯುವಾಗ ಹರ್ಷವರ್ಧನನು ಮೆಟ್ಟಿಲ ಮೇಲೆ ಮೊದಲೇ ಕೂತಿದ್ದು, “ಆ ಮಿಸ್ಸಿಗೆ ಎಲ್ಲಾ ಕೇಳ್ಲಿಲ್ಲ ಟೀಚರ್. ಒಂದು ನಿಮಗೆ ಅಂತ ಇಟ್ಕಂಡೀನಿ” ಎಂದು ಅವರ ಕಿವಿಯಲ್ಲಿ ಏನೋ ಹೇಳಿರುವುದಾಗಿ ವರದಿಯಾಗಿದೆ. ಸಫೂರಾ ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರೆಂದೂ, ಹಾಜರಾತಿ ಹತ್ತು ನಿಮಿಷ ತಡವಾಯಿತೆಂದೂ ತಿಳಿದುಬಂದಿದೆ. ಪ್ರಶ್ನೆ ಏನೆಂದು ವಿಚಾರಿಸಲಾಗಿ, ಇಬ್ಬರೂ ಹೇಳಲು ನಿರಾಕರಿಸಿದ್ದಾರೆ.

ಸಹಿ/-
ಜಂಟಿ ವಲಯಾಧಿಕಾರಿಗಳ ಪರವಾಗಿ
(ಸನ್ಮಾನ್ಯರು ಬೆರಗಿನ ಕುರಿತ ಮತ್ತೊಂದು ಕಾರ್ಯಾಗಾರದಲ್ಲಿದ್ದಾರೆ)

ಪ್ರತಿಗಳು:
೧. ಎಲ್ಲ ಅಂಗನವಾಡಿ ಕೇಂದ್ರಗಳಿಗೆ, ಗೋಡೆಗೆ ಅಂಟಿಸಲು. ಮಕ್ಕಳಿಗೆ ಎಟುಕದ ಎತ್ತರದಲ್ಲಿ.
೨. ಶ್ರೀ ಮಾಲತೇಶ್, ಚಾಲಕರು: ಹಲಗೆಗಳನ್ನು ಹಿಂದಿರುಗಿಸಿದ ಬಗ್ಗೆ ರಸೀದಿ ಒದಗಿಸಲು.
೩. ಕುಮಾರಿ ದಿವ್ಯ: ಮೀನಿನ ಬಗ್ಗೆ ಉತ್ತರ ತಿಳಿದಲ್ಲಿ ಕಚೇರಿಗೂ ತಿಳಿಸಲು.
೪. ಚಿ. ಹರ್ಷವರ್ಧನ: ಓದಲು ಬಾರದ ಕಾರಣ ಶ್ರೀಮತಿ ಸಫೂರಾ ಅವರು ಓದಿ ಹೇಳತಕ್ಕದ್ದು. ಓದುವಾಗ ನಡುವೆ ಉದ್ಭವಿಸುವ ಪ್ರಶ್ನೆಗಳಿಗೆ ಈ ಕಚೇರಿ ಹೊಣೆಯಲ್ಲ.