ಮೂರನೇ ಸುತ್ತಿಗೆ ಆಫಾಗುವ ಕಂಪ್ಯೂಟರ್

ಅಣ್ಣತಮ್ಮಂದಿರ ಜಗಳವನ್ನು ಕೋರ್ಟು ಬಗೆಹರಿಸಬಹುದು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ. ಆದರೆ ಷಡ್ಡಕರ ನಡುವಿನ ಪೈಪೋಟಿಗೆ ಮಾತ್ರ ಮದ್ದಿಲ್ಲ, ಏಕೆಂದರೆ ಅಲ್ಲಿ ಜಗಳವೇ ಇರುವುದಿಲ್ಲ. ‘ಊಟ ಆತಾ?’ ಎಂದು ನಗುನಗುತ್ತಾ ಕೇಳುತ್ತಲೇ ಒಬ್ಬರ ಕಾರನ್ನು ಇನ್ನೊಬ್ಬರು ಕಣ್ಣಲ್ಲೇ ಅಳೆಯುತ್ತಿರುತ್ತಾರೆ. ನನ್ನ ಹೆಂಡತಿ ಗಿರಿಜಳ ತಂಗಿ ಶೈಲಾಳ ಗಂಡ ಪಾಲಾಕ್ಷ ಚನ್ನಗಿರಿಯಲ್ಲಿ ಬಣ್ಣದ ಅಂಗಡಿ ಇಟ್ಟಿದ್ದಾನೆ. ನನ್ನದು ಹೊನ್ನಾಳಿಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ನಾನು ಹಿರಿಯಳಿಯ, ನ್ಯಾಮತಿಯ ಮಾವನ ಮನೆಯಲ್ಲಿ ಮೊದಲ ಹೋಳಿಗೆ ನನ್ನ ಎಲೆಗೇ ಬೀಳುತ್ತದೆ. ಆ ಹಿರಿತನ ಒಂದು ಕಂಪ್ಯೂಟರಿನಿಂದ ಅಲ್ಲಾಡುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಶುರು ಮಾಡಿದ್ದು ಅವನೇ. ತನ್ನ ಹೊಸ ಮನೆಯ ಗೃಹಪ್ರವೇಶದ ದಿನ ಬಣ್ಣಬಣ್ಣದ ದೀಪ ಉರಿಯುವ ಗೇಮಿಂಗ್ ಕಂಪ್ಯೂಟರ್ ತೋರಿಸಿ ಅದರಲ್ಲಿ ಕಾರ್ ರೇಸ್ ಆಡಿದ. ಬಂದ ನೆಂಟರೆಲ್ಲ ಸತ್ಯನಾರಾಯಣ ಕಥೆ ಬಿಟ್ಟು ಅವನ ಬೆನ್ನ ಹಿಂದೆ ನಿಂತರು. ಗಿರಿಜಾ ನನ್ನ ಕಡೆ ಒಮ್ಮೆ ನೋಡಿದಳು. ಬಾಯಿಬಿಟ್ಟು ಬೈದಿದ್ದರೆ ಉಳಿದುಕೊಳ್ಳುತ್ತಿದ್ದೆ. ಹದಿನೈದು ದಿನದಲ್ಲಿ ಅವನದಕ್ಕಿಂತ ದೊಡ್ಡ ಕಂಪ್ಯೂಟರಿನ ಬಿಡಿಭಾಗಗಳು ನಮ್ಮ ಮನೆಗೆ ಕೊರಿಯರ್‌ನಲ್ಲಿ ಬಂದವು. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ನಾನೇ ಜೋಡಿಸಿದೆ. ಕುಕ್ಕರಿನ ಹಿಡಿ ಕೂರಿಸುವ ಕೈಗೆ ಇದೇನು ದೊಡ್ಡದು ಎಂಬ ಧಿಮಾಕು.

ಜೋಡಿಸಿದೆ, ಆದರೆ ಅದರ ಡಬ್ಬಿಯ ಗಾಜಿನ ಬಾಗಿಲ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೀಳಲಿಲ್ಲ. ಇಲ್ಲಿ ನನ್ನ ಮನೆತನದ ತತ್ತ್ವವೊಂದನ್ನು ಹೇಳಬೇಕು. ‘ಕವರ್ ಹೋತು ಅಂದ್ರೆ ಮಾಲು ಹಳೇದಾತು ಕಣೋ’ ಎಂದು ನಮ್ಮಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹೇಳುತ್ತಿದ್ದರು. ಅದು ನನ್ನ ರಕ್ತಕ್ಕೇ ಇಳಿದಿದೆ. ನಮ್ಮ ಕಾರಿನ ಸೀಟು, ಫ್ರಿಜ್ಜಿನ ಬಾಗಿಲು, ಟಿವಿ ರಿಮೋಟು, ಎಲ್ಲವೂ ಇನ್ನೂ ಕಂಪನಿಯ ಹಾಳೆಯೊಳಗೇ ಇವೆ. ಸೋಫಾದ ಪ್ಲಾಸ್ಟಿಕ್ ಬೇಸಿಗೆಯಲ್ಲಿ ತೊಡೆಗೆ ಅಂಟಿ, ಏಳುವಾಗ ಚರ್ರೆಂದು ಸದ್ದು ಮಾಡುತ್ತದೆ. ಬಂದವರು ಮುಜುಗರ ಪಡುತ್ತಾರೆ. ಪಡಲಿ. ಆರು ವರ್ಷದ ಸೋಫಾ ಇವತ್ತಿಗೂ ಹೊಸದು.

ಹೀಗೆ ಹೊನ್ನಾಳಿಯಿಂದ ನಾನು, ಚನ್ನಗಿರಿಯಿಂದ ಅವನು, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆನ್‌ಲೈನಿನಲ್ಲಿ ರೇಸಿಗೆ ಕೂತೆವು. ಒಟ್ಟು ಐದು ಸುತ್ತು. ಎರಡು ಸುತ್ತು ಅವನು ಮುಂದಿದ್ದ. ಮೂರನೆಯದರಲ್ಲಿ ಇನ್ನೇನು ನಾನು ಅವನನ್ನು ಹಿಂದೆ ಹಾಕಬೇಕು, ಅಷ್ಟರಲ್ಲಿ ಕಂಪ್ಯೂಟರ್ ಟಪ್ಪನೆ ಆಫಾಯಿತು. ಮುಂದಿನ ವಾರವೂ ಅಷ್ಟೆ. ಅದರ ಮುಂದಿನ ವಾರವೂ ಅಷ್ಟೆ. ಆಫಾದ ಮರುಕ್ಷಣ ಪಾಲಾಕ್ಷನ ಫೋನು ಬರುತ್ತಿತ್ತು.

“ಯಾಕಣ್ಣಾ, ಮತ್ತೆ ಕರೆಂಟ್ ಹೋತಾ?”

“ಕರೆಂಟ್ ಐತೆ. ಕಂಪ್ಯೂಟರ್ ಹೋತು.”

“ಹಂಗಾರೆ ಸರಿ ಬಿಡ್ರಿ. ಸೋಲಾಕೆ ಬಂದಾಗೆಲ್ಲ ಹೋಗೋ ಕಂಪ್ಯೂಟರ್ ಎಲ್ಲಿ ಸಿಗ್ತದೆ ಹೇಳ್ರಿ, ನಾನೂ ಒಂದು ತಗಂತೀನಿ.”

ಸುದ್ದಿ ನ್ಯಾಮತಿ ಮುಟ್ಟಲು ಎಷ್ಟು ಹೊತ್ತು? ಹಿರಿಯಳಿಯ ಸೋಲುವ ಹೊತ್ತಿಗೆ ವೈರು ಕೀಳುತ್ತಾರಂತೆ ಎಂದು ನಮ್ಮತ್ತೆಯ ಕಿವಿಗೂ ಬಿತ್ತು. ಮುಂದಿನ ತಿಂಗಳು ಗಿರಿಜಳ ಅಣ್ಣನ ಮಗಳ ನಿಶ್ಚಿತಾರ್ಥ. ಇಡೀ ಬಳಗ ನ್ಯಾಮತಿಯಲ್ಲಿ ಸೇರುವುದಿತ್ತು. “ಅಷ್ಟರೊಳಗೆ ಒಂದೇ ಒಂದು ರೇಸ್ ಪೂರ್ತಿ ಆಡ್ರಿ. ಗೆಲ್ರಿ, ಬಿಡ್ರಿ. ನನ್ನ ತಂಗಿ ಮುಂದೆ ನಾನು ತಲೆ ಎತ್ತಿ ಓಡಾಡಬೇಕಲ್ಲ,” ಎಂದಳು ಗಿರಿಜಾ. ಅವಳ ಕಣ್ಣಲ್ಲಿ ನಿಜಕ್ಕೂ ನೀರಿತ್ತು.

ಆದರೆ ಮಾಡುವುದೇನು? ಗಿರಿಜಾ ಇಡೀ ದಿನ ಅದರಲ್ಲಿ ಮದುವೆಯ ವಿಡಿಯೋ ನೋಡಿದರೂ ಅದು ಆಫಾಗುವುದಿಲ್ಲ. ಅಂಗಡಿಯ ಲೆಕ್ಕ ಬರೆದರೂ ಆಫಾಗುವುದಿಲ್ಲ. ರೇಸಿಗೆ ಕೂತರೆ ಮಾತ್ರ, ಅದೂ ಮೂರನೇ ಸುತ್ತಿಗೇ. ವೋಲ್ಟೇಜ್ ಎಂದರು, ಸ್ಟೆಬಿಲೈಸರ್ ತಂದೆ. ವೈರಸ್ ಎಂದರು, ಎಲ್ಲ ಅಳಿಸಿ ಹೊಸದಾಗಿ ತುಂಬಿದೆ. ಪರದೆಯ ಮೂಲೆಯಲ್ಲಿ ಶಾಖ ತೋರಿಸುವ ಅಂಕಿಯೊಂದನ್ನು ಹಾಕಿಕೊಂಡೆ. ಅದು ಕುದಿಯುವ ನೀರಿನ ಮಟ್ಟಕ್ಕೆ ಏರುತ್ತಿತ್ತು. ಸೆಕೆ ಎಂದು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದೆ. ನಾನು ಬೆವೆತೆ, ಅದು ಆಗಲೂ ಆಫಾಯಿತು. ಪಕ್ಕದ ಅಂಗಡಿಯವರು ದಕ್ಷಿಣಕ್ಕೆ ಮುಖ ಮಾಡಿದೆ ಎಂದರು, ಪೂರ್ವಕ್ಕೆ ತಿರುಗಿಸಿದೆ. ಕೊನೆಗೆ ನಿಂಬೆಹಣ್ಣು, ಮೆಣಸಿನಕಾಯಿಯನ್ನೂ ಕಟ್ಟಿದೆ. ಅದು ಪೂರ್ವಕ್ಕೆ ಮುಖ ಮಾಡಿ, ದೃಷ್ಟಿ ನಿವಾಳಿಸಿಕೊಂಡು, ಮೂರನೇ ಸುತ್ತಿಗೆ ಸರಿಯಾಗಿ ಆಫಾಯಿತು. ನನಗೇ ನನ್ನ ಮೇಲೆ ಅನುಮಾನ ಶುರುವಾಯಿತು. ಸೋಲಿನ ಭಯಕ್ಕೆ ನಾನೇ ನನಗೆ ಗೊತ್ತಿಲ್ಲದಂತೆ ಏನನ್ನಾದರೂ ಒತ್ತುತ್ತಿರಬಹುದೇ? ಎರಡು ದಿನ ಅಂಗಡಿಯಲ್ಲಿ ಗಿರಾಕಿಗಳು ತಟ್ಟೆ ಕೇಳಿದರೆ ಲೋಟ ಕೊಟ್ಟೆ.

ನಿಶ್ಚಿತಾರ್ಥಕ್ಕೆ ಒಂದು ವಾರವಿರುವಾಗ ಪಾಲಾಕ್ಷನೇ ಶೈಲಾಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಕಣ್ಣಾರೆ ನೋಡಿಯೇ ತೀರ್ಮಾನ ಮಾಡುವುದಂತೆ. ನಾನು ಒಬ್ಬನೇ ರೇಸಿಗೆ ಕೂತೆ. ಮೂರನೇ ಸುತ್ತು ಬರುತ್ತಲೇ ಆಫಾಯಿತು. ಪೊಲೀಸರ ಮುಂದೆ ನಿಂತವನಂತೆ ಎರಡೂ ಕೈ ಮೇಲೆತ್ತಿದೆ. ಪಾಲಾಕ್ಷ ಬಗ್ಗಿ ಟೇಬಲ್ಲಿನ ಕೆಳಗೆ ನನ್ನ ಕಾಲು ಎಲ್ಲಿವೆ ಎಂದು ನೋಡಿದ. ಕಾಲುಗಳು ಕುರ್ಚಿಯ ಮೇಲೇ ಇದ್ದವು.

“ಕೈಯೂ ಇಲ್ಲ, ಕಾಲೂ ಇಲ್ಲ. ಹೆಂಗೆ ಇದು?” ಎಂದ.

ಡಬ್ಬಿಯ ಪಕ್ಕದ ಬಾಗಿಲು ತೆಗೆದೆವು. ಕಂಪ್ಯೂಟರಿನ ಮಿದುಳೆನ್ನುವ ಪ್ರೊಸೆಸರ್ ಒಂದು ಚಿಕ್ಕ ಬಿಲ್ಲೆ. ಅದರ ಮೇಲೆ ಒಂದು ಲೋಹದ ಗಟ್ಟಿ, ಗಟ್ಟಿಗೊಂದು ಫ್ಯಾನು. ಬಿಲ್ಲೆಯ ಶಾಖವನ್ನು ಗಟ್ಟಿ ಹೀರಬೇಕು, ಫ್ಯಾನು ಅದನ್ನು ಹೊರಗೆ ಊದಬೇಕು. ಇದನ್ನೆಲ್ಲ ನಾನು ವಿವರಿಸುತ್ತಿರುವಾಗ ಗಿರಿಜಾ ಆ ಗಟ್ಟಿಯ ಮೇಲೆ ಬೆರಳಿಟ್ಟು ನೋಡಿದಳು.

“ಏನ್ರೀ, ಇದು ತಣ್ಣಗೈತೆ.”

“ತಣ್ಣಗಿದ್ರೆ ಒಳ್ಳೇದಲ್ಲೇನೇ?”

“ಕೆಳಗೆ ಅಷ್ಟು ಬೆಂಕಿ ಐತೆ ಅಂತೀರಿ, ಮೇಲಿನ ಪಾತ್ರೆ ಕಾದೇ ಇಲ್ಲ ಅಂದ್ರೆ ನಡುವೆ ಏನೋ ಐತೆ ಅಂತ ಅರ್ಥ. ಹೊಸ ಬೋಗುಣಿ ತಳದಾಗಿನ ಸ್ಟಿಕ್ಕರ್ ಕೀಳಬ್ಯಾಡ ಅಂದಿದ್ರಲ್ಲ, ಒಲಿ ಮ್ಯಾಲೆ ಇಟ್ಟಾಗ ಮನಿ ತುಂಬ ವಾಸನೆ ಬಂದಿತ್ತು, ನೆನಪೈತಾ?”

ನೆನಪಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ಗಟ್ಟಿಯನ್ನು ಎತ್ತಿ ತಿರುಗಿಸಿದೆ. ಅದರ ತಳದಲ್ಲಿ, ಒಂದು ಗುಳ್ಳೆಯೂ ಇಲ್ಲದೆ ನೀಟಾಗಿ, ಕಂಪನಿಯ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿತ್ತು. ಬಳಸುವ ಮುನ್ನ ತೆಗೆಯಿರಿ ಎಂದು ಕೆಂಪಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಶೈಲಾ ಸೋಫಾದಿಂದ ಎದ್ದಳು, ಸೋಫಾ ಚರ್ರೆಂದಿತು.

“ತಪ್ಪಾತಣ್ಣಾ,” ಎಂದ ಪಾಲಾಕ್ಷ, ಬಹಳ ಗಂಭೀರವಾಗಿ. “ನೀವು ವೈರ್ ಕೀಳ್ತೀರಿ ಅಂತ ಊರೆಲ್ಲ ಹೇಳಿದ್ನಲ್ಲ. ನೀವು ಏನನ್ನೂ ಕೀಳೋ ಮನುಷ್ಯ ಅಲ್ಲ ಅಂತ ನನಗೆ ಗೊತ್ತಿರಬೇಕಿತ್ತು.”

ಹಾಳೆ ತೆಗೆದು, ಜೊತೆಗೆ ಬಂದಿದ್ದ ಶಾಖ ದಾಟಿಸುವ ಪೇಸ್ಟು ಹಚ್ಚಿ, ಮತ್ತೆ ಕೂರಿಸಿದೆ. ಅವರು ಚನ್ನಗಿರಿ ಮುಟ್ಟಿದ ಮೇಲೆ ಸಂಜೆ ರೇಸಿಗೆ ಕೂತೆವು. ಮೂರನೇ ಸುತ್ತು ಬಂತು, ಕಂಪ್ಯೂಟರ್ ಆಫಾಗಲಿಲ್ಲ. ನಾಲ್ಕು ಬಂತು, ಐದೂ ಬಂತು. ಗಿರಿಜಾ ದೇವರಿಗೆ ದೀಪ ಹಚ್ಚಿ ಬಂದಳು. ಪೂರ್ತಿ ಐದು ಸುತ್ತು ಆಡಿ, ಒಂದೂವರೆ ಸುತ್ತಿನ ಅಂತರದಲ್ಲಿ ನಾನು ಸೋತೆ.

ನಿಶ್ಚಿತಾರ್ಥದಲ್ಲಿ ಗಿರಿಜಾ ತಲೆ ಎತ್ತಿಯೇ ಓಡಾಡಿದಳು. ಗಂಡ ಮೋಸಗಾರನಲ್ಲ, ಬರೀ ದಡ್ಡ ಎಂದು ಸಾಬೀತಾಗಿತ್ತಲ್ಲ. ಮೊದಲ ಹೋಳಿಗೆಯೂ ನನ್ನ ಎಲೆಗೇ ಬಿತ್ತು. ಅಂದಿನಿಂದ ಪ್ರತಿ ಭಾನುವಾರ ಯಾವ ಅಡ್ಡಿಯೂ ಇಲ್ಲದೆ, ಐದೂ ಸುತ್ತು, ಕ್ರಮಬದ್ಧವಾಗಿ ಸೋಲುತ್ತಿದ್ದೇನೆ. ಆಫಾಗುತ್ತಿದ್ದ ದಿನಗಳಲ್ಲಿ, ‘ಇನ್ನೊಂದು ನಿಮಿಷ ಇದ್ದಿದ್ದರೆ ಗೆಲ್ಲುತ್ತಿದ್ದೆ’ ಎಂದುಕೊಂಡು ನೆಮ್ಮದಿಯಾಗಿ ಮಲಗುತ್ತಿದ್ದೆ. ಆ ಪ್ಲಾಸ್ಟಿಕ್ ಕಾಪಾಡಿದ್ದು ನನ್ನನ್ನು. ಈಗೀಗ ಮೂರನೇ ಸುತ್ತು ಬರುತ್ತಲೇ ನನ್ನ ಎಡಗಾಲು ತಾನಾಗಿಯೇ ಟೇಬಲ್ಲಿನ ಕೆಳಗೆ ವೈರು ಇರುವ ಕಡೆ ಸರಿಯುತ್ತದೆ. ಇದುವರೆಗೆ ತಡೆದುಕೊಂಡಿದ್ದೇನೆ.