ತಿನ್ನದಿರಲೆಂದು ತಂದ ಮೀನು

ನಮ್ಮೂರಿನಲ್ಲಿ ಮೀನು ತರುವುದು ಸುದ್ದಿಯಲ್ಲ. ತಂದ ಮೀನನ್ನು ತಿನ್ನದೆ ಇಟ್ಟುಕೊಳ್ಳುವುದು ಸುದ್ದಿ. ಕಾರವಾರದ ಕೋಡಿಬಾಗದಲ್ಲಿ, ಒಂದು ಪಕ್ಕ ಕಾಳಿ ನದಿ, ಇನ್ನೊಂದು ಪಕ್ಕ ಸಮುದ್ರ ಇರುವಲ್ಲಿ, ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿ ಅದರೊಳಗೆ ಒಂದು ಮೀನು ಬಿಟ್ಟುಕೊಂಡು ಕೂತವನನ್ನು ಜನ ಏನೆಂದು ಕರೆಯುತ್ತಾರೆ ಎಂಬುದನ್ನು ನಾನು ಅನುಭವದಿಂದ ಹೇಳಬಲ್ಲೆ. ಕೆಲವನ್ನು ಇಲ್ಲಿ ಬರೆಯಲು ಬರುವುದಿಲ್ಲ.

ತಪ್ಪು ಹಲ್ಲಿನ ಡಾಕ್ಟರದು. ಮಡಗಾಂವಿನಲ್ಲಿ ದವಡೆ ಹಲ್ಲು ಕೀಳಿಸಲು ಹೋದಾಗ ಅವರ ಕಾಯುವ ಕೋಣೆಯಲ್ಲಿ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟಿಯ ಕಡಲ ಮೀನೊಂದು ಈಜಾಡುತ್ತಿತ್ತು. ನೋಡುತ್ತ ನೋಡುತ್ತ ಹಲ್ಲುನೋವು ಮರೆತೆ. ಹಲ್ಲು ಅಲ್ಲೇ ಬಿಟ್ಟು, ಆಸೆಯನ್ನು ಮನೆಗೆ ತಂದೆ.

ನನ್ನ ಹೆಂಡತಿ ಸುಮಿತ್ರಾ ಅಂಕೋಲೆಯವಳು. ನಾನು ಹಾರ್ಮೋನಿಯಂ ಕಲಿಯಲು ಹೊರಟು ಮೂರನೆಯ ಸ್ವರದಲ್ಲಿ ನಿಂತದ್ದನ್ನೂ, ಗುಲಾಬಿ ತೋಟವೆಂದು ತಂದ ಕುಂಡಗಳಲ್ಲಿ ಕೊನೆಗೆ ಕೊತ್ತಂಬರಿ ಬೆಳೆದದ್ದನ್ನೂ ಕಣ್ಣಾರೆ ಕಂಡವಳು. ವಿಷಯ ತಿಳಿಸಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಹಾರ್ಮೋನಿಯಂ ಆದ್ರೆ ಅಟ್ಟಕ್ಕೆ ಹಾಕ್ಲಿಕ್ಕೆ ಆಯ್ತು. ಇದಕ್ಕೆ ಜೀವ ಅದೆ. ಸಾಕೂದಾದ್ರೆ ನೆಟ್ಟಗೆ ಸಾಕಿ. ಇದೂ ಅರ್ಧಕ್ಕೆ ನಿಂತ್ರೆ ಮುಂದೆ ಯಾವ ಹುಚ್ಚನ್ನೂ ಈ ಮನೆ ಹೊಸ್ತಿಲು ದಾಟಿಸೂದು ಬೇಡ." ಹೀಗೆ ಒಂದು ಬೆರಳುದ್ದದ ಮೀನಿನ ಬೆನ್ನ ಮೇಲೆ ನನ್ನ ಮುಂದಿನ ಎಲ್ಲ ಹುಚ್ಚುಗಳ ಭಾರವೂ ಬಿತ್ತು.

ನನ್ನ ಗೆಳೆಯ ವಿನಾಯಕ ಕಡಲ ಜೀವಿಗಳ ಬಗ್ಗೆ ಓದಿದವನು, ಅದನ್ನೇ ಕಲಿಸುವವನು. ಕಿತ್ತಳೆ ಮೀನಿನ ಆಸೆ ಹೇಳಿದ್ದಕ್ಕೆ ಅವನು ನಕ್ಕ. "ಮೊದಲ್ನೇ ಮೀನು ಅಂದ್ರೆ ಮೊದಲ್ನೇ ಸೈಕಲ್ ಇದ್ದಾಂಗೆ ಮಾರಾಯ. ಹೊಸದು ತಕಂಡು ಎಂತಕ್ಕೆ ಹಾಳು ಮಾಡೂದು? ಗಟ್ಟಿ ಜಾತಿದು ನಾನು ಹಿಡಿದು ಕೊಡ್ತೆ. ಆದ್ರೆ ಒಂದು ತಿಂಗಳು ಬರೀ ನೀರು ಇಡು. ನೀರು ಹದಕ್ಕೆ ಬರ್ಬೇಕು."

ದೀಪಾವಳಿ ಕಳೆದ ಮೇಲೆ ಎರಡಡಿಯ ತೊಟ್ಟಿ ಬಂತು. ತಳಕ್ಕೆ ಮರಳು, ಮೂಲೆಗೆ ಕಲ್ಲು, ಗುಳುಗುಳು ಗಾಳಿಯೂದುವ ಯಂತ್ರ, ಎಲ್ಲ ಸಿದ್ಧವಾಯಿತು. ಮೀನು ಮಾತ್ರ ಇಲ್ಲ. ನೋಡಲು ಬಂದವರು ಬಗ್ಗಿ, ಕಲ್ಲಿನ ಹಿಂದೆ ಇಣುಕಿ, "ಎಲ್ಲಿ ಅದೆ?" ಎಂದು ಕೇಳುವರು. "ಇನ್ನೂ ಬಂದಿಲ್ಲ" ಎನ್ನುವೆ. ಮನೆಗೆ ಮೀನು ಹೊತ್ತು ತರುವ ತುಳಸಿಬಾಯಿ ಹದಿನೈದು ದಿನ ಸುಮ್ಮನಿದ್ದು ನೋಡಿ, ಕೊನೆಗೆ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳು: "ಮಾಸ್ತರು ನೀರು ಸಾಕ್ತಾರೆ."

ತಿಂಗಳು ಮುಗಿದ ಭಾನುವಾರ ವಿನಾಯಕನೂ ನಾನೂ ಅಂಕೋಲೆಯ ಕಡೆಯ ಬಂಡೆಗಳಿಗೆ ಹೋದೆವು. ಕಡಲು ಇಳಿದ ಹೊತ್ತು. ಬಂಡೆಯ ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಸಣ್ಣ ಮೀನುಗಳು ಓಡಾಡುತ್ತಿದ್ದವು. ನಾನು ಚೆಂದದ್ದನ್ನು ತೋರಿಸುವುದು, ಅವನು "ಅದು ನಾಳೆಗೇ ಸಾಯ್ತದೆ" ಎನ್ನುವುದು. ಹೀಗೆ ಎರಡು ತಾಸು ಕಳೆದ ಮೇಲೆ ಹಳದಿ ಬೆನ್ನಿಗೆ ಐದು ಕಪ್ಪು ಪಟ್ಟಿ ಎಳೆದುಕೊಂಡ ಒಂದು ಮರಿ, ಹಿಡಿಯಲು ಹೋದ ನನ್ನ ಬೆರಳಿಗೇ ಬಂದು ಕುಟುಕಿತು. "ಇದೇ" ಎಂದ ವಿನಾಯಕ. "ಜಗಳಗಂಟ. ನಿನ್ನ ಕೈಯಲ್ಲೂ ಬದುಕ್ತದೆ." ಅಂದರೆ ಮೀನನ್ನು ನಾನು ಆರಿಸಿದೆ ಎನ್ನುವುದಕ್ಕಿಂತ, ಅದೇ ನನ್ನನ್ನು ಮೊದಲು ಕಚ್ಚಿತು ಎನ್ನುವುದು ಸರಿ.

ವಿನಾಯಕ ಅಲ್ಲಿಂದಲೇ ಬೇರೆ ಕೆಲಸಕ್ಕೆ ಹೋದ. ನಾನು ಮೀನಿನ ಡಬ್ಬಿಯನ್ನು ತೊಡೆಯ ಮೇಲಿಟ್ಟು, ಎರಡು ಕ್ಯಾನ್ ಕಡಲ ನೀರನ್ನು ಕಾಲ ಬಳಿ ಇಟ್ಟು ಕಾರವಾರದ ಬಸ್ಸಿನಲ್ಲಿ ಕೂತೆ. ನಮ್ಮ ಕೋಡಿಬಾಗದ ನೀರಿಗೆ ನದಿ ಬೆರೆತಿರುತ್ತದೆ, ಬಂಡೆಯ ಕಡೆಯ ನೀರೇ ಒಳ್ಳೆಯದು ಎಂದು ಅವನ ಅಪ್ಪಣೆಯಾಗಿತ್ತು. ಕಂಡಕ್ಟರ್ ಕ್ಯಾನನ್ನು ಕಾಲಿನಿಂದ ಮುಟ್ಟಿದ.

"ಎಂತದ್ರಾ ಇದು? ಚಿಮಣಿ ಎಣ್ಣೆಯೋ?"

"ಅಲ್ಲ, ಸಮುದ್ರದ ನೀರು."

"ಎಲ್ಲಿಗೆ?"

"ಕಾರವಾರಕ್ಕೆ."

ಆತ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಎಂತಕ್ಕೆ? ಅಲ್ಲಿದು ಬತ್ತಿ ಹೋಯ್ತಾ?" ಬಸ್ಸಿಗೆ ಬಸ್ಸೇ ನಕ್ಕಿತು. ಮುಂದಿನ ಸೀಟಿನಲ್ಲಿ ನನ್ನ ಶಾಲೆಯ ಇಬ್ಬರು ಹುಡುಗಿಯರಿದ್ದರು. ಸೋಮವಾರ ಬೆಳಗ್ಗೆ ಇಡೀ ಶಾಲೆ ನನ್ನನ್ನು ನೋಡಿದ ರೀತಿಯೇ ಬೇರೆ.

ಮೂರು ತಿಂಗಳು ಎಲ್ಲ ಚೆನ್ನಾಗಿತ್ತು. ಮಾರ್ಚಿನ ಸೆಕೆ ಬಂತು. ಮೀನು ತಿನ್ನುವುದನ್ನು ಬಿಟ್ಟಿತು. ಕಲ್ಲಿನ ಸಂದಿಯಲ್ಲಿ ಓರೆಯಾಗಿ ನಿಂತು ಕಿವಿರು ಬೇಗಬೇಗ ಆಡಿಸುತ್ತಿತ್ತು. ಹಳದಿ ಮಾಸಿತು. ವಿನಾಯಕ ತರಬೇತಿಗೆಂದು ಕೊಚ್ಚಿಗೆ ಹೋಗಿದ್ದ, ಅವನ ಮೊಬೈಲ್ ಸಿಗುತ್ತಿರಲಿಲ್ಲ. ನಾನು ಇನ್ನೂ ಶ್ರದ್ಧೆಯಿಂದ ಸೇವೆ ಮಾಡಿದೆ. ತೊಟ್ಟಿಯ ನೀರು ಎರಡು ಬೆರಳು ಇಳಿದರೆ ಸಾಕು, ಅಂಕೋಲೆಯ ಕಡಲ ನೀರು ತಂದು ತುಂಬಿಸುತ್ತಿದ್ದೆ. ಮತ್ತೆ ಇಳಿಯುವುದು, ಮತ್ತೆ ತುಂಬಿಸುವುದು. ಒಂದು ಬೆಳಗ್ಗೆ ನಾನು ಎದ್ದು ಬಂದಾಗ ಸುಮಿತ್ರಾ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ತಿನ್ನು ಮಗಾ, ಒಂದೇ ಒಂದು ತುಣುಕು" ಎನ್ನುತ್ತಿದ್ದಳು. ನನ್ನನ್ನು ಕಂಡು ಎದ್ದು ಹೋದಳು. ಅವಳ ಕಣ್ಣು ಒದ್ದೆಯಾಗಿತ್ತು. ಆವತ್ತು ನನಗೆ ಅಟ್ಟ, ಹಾರ್ಮೋನಿಯಂ ಯಾವುದೂ ನೆನಪಾಗಲಿಲ್ಲ. ಇದೊಂದು ಬದುಕಿದರೆ ಸಾಕು ಅನ್ನಿಸಿತು.

ಅಷ್ಟರಲ್ಲಿ ಬುಟ್ಟಿ ಹೊತ್ತು ತುಳಸಿಬಾಯಿ ಬಂದಳು. ಹಿಂದೆ ಒಂದು ಸಲ ಇದೇ ಮೀನನ್ನು ನೋಡಿ, "ಇದಕ್ಕೆ ಮಸಾಲೆ ಹಚ್ಚೂದಾದ್ರೂ ಎಲ್ಲಿಗೆ?" ಎಂದಿದ್ದವಳು, ಈಗ ಬುಟ್ಟಿ ಇಳಿಸಿ ಒಳಗೆ ಬಂದು ತೊಟ್ಟಿಯ ಮುಂದೆ ನಿಂತಳು. ನಗಲಿಲ್ಲ. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಅಯ್ಯೋ ದೇವಾ! ಕಡ್ಲು ಇಷ್ಟು ಉಪ್ಪು ಇರ್ತದ್ಯಾ? ಇದ್ರಲ್ಲಿ ಮೀನು ಸಾಕೂದಲ್ಲ, ಉಪ್ಪಿನಕಾಯಿ ಹಾಕೂದು. ದಿನಾ ಎಂತ ಹೊಯ್ತ್ರಿ?"

"ಕಡಲ ನೀರೇ. ಆರಿ ಹೋದಷ್ಟು ತುಂಬಿಸ್ತೇನೆ."

"ನೀರು ಆರ್ತದೆ. ಉಪ್ಪು ಆರ್ತದಾ ಮಾಸ್ತರ್ರೇ?"

ಇಲ್ಲಿ ನಾನು ಒಂದು ಸತ್ಯ ಹೇಳಲೇಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರು. ಕಡಲ ನೀರು ಆವಿಯಾದರೆ ಉಪ್ಪು ಉಳಿಯುತ್ತದೆ ಎಂಬ ಪಾಠವನ್ನು ಎಂಟನೇ ತರಗತಿಗೆ ಹನ್ನೊಂದು ವರ್ಷದಿಂದ, ಸಾಣಿಕಟ್ಟೆಯ ಉಪ್ಪಿನಾಗರದ, ಅಂದರೆ ಉಪ್ಪಿನ ಗದ್ದೆಗಳ, ಚಿತ್ರ ಬರೆದು, ಬಾಣದ ಗುರುತು ಹಾಕಿ ಕಲಿಸುತ್ತಿದ್ದೇನೆ. ಅದರ ಹಿಂದಿನ ವಾರವಷ್ಟೇ ಅದೇ ಪ್ರಶ್ನೆಗೆ ತಪ್ಪು ಬರೆದವನೊಬ್ಬನಿಗೆ ಸೊನ್ನೆ ಕೊಟ್ಟಿದ್ದೆ.

ಸಂಜೆ ಅಂತೂ ವಿನಾಯಕನ ಫೋನು ಸಿಕ್ಕಿತು. "ಆ ತುಳಸಿಬಾಯಿ ಹೇಳಿದ್ದು ಸರಿ. ಆರಿದ್ದಕ್ಕೆ ಸಿಹಿನೀರು ಹಾಕ್ಬೇಕು ಮಾರಾಯ, ಇದು ನಿನಗೆ ಗೊತ್ತಿರ್ತದೆ ಅಂದ್ಕಂಡು ನಾನು ಹೇಳ್ಲಿಲ್ಲ. ಒಮ್ಮೆಲೇ ಹೊಯ್ಬೇಡ, ಸ್ವಲ್ಪಸ್ವಲ್ಪ." ಸುಮಿತ್ರಾ ಹಿಂದಿನ ದಿನ ಹಿಡಿದಿಟ್ಟ ಸಿಹಿನೀರನ್ನು ಲೋಟದಲ್ಲಿ ತಂದು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬಿಡತೊಡಗಿದಳು. ತುಳಸಿಬಾಯಿ ದಿನವೂ ಬಂದು ಬೆರಳು ಅದ್ದಿ ರುಚಿ ನೋಡುವಳು. "ಇನ್ನೂ ಜಾಸ್ತಿ." "ಇವತ್ತು ಅಡ್ಡಿಲ್ಲ." ಎಂಟನೆಯ ದಿನ ನಾಲಿಗೆ ಚಪ್ಪರಿಸಿ, "ಹಾಂ, ಈಗ ಕಡ್ಲು" ಎಂದು ಸೆರಗಿನ ಗಂಟಿನಿಂದ ಒಂದು ಸಿಗಡಿ ತೆಗೆದು, ಸುಲಿದು, ಉಗುರಲ್ಲಿ ಚೂರು ಮಾಡಿ ನೀರಿಗೆ ಬಿಟ್ಟಳು. ಚೂರು ಇಳಿಯಿತು. ಮೀನು ಸಂದಿಯಿಂದ ಮೂತಿ ಹೊರಗೆ ಹಾಕಿತು. ನಾವು ಮೂವರೂ ಗಾಜಿನ ಹತ್ತಿರಕ್ಕೆ ಬಗ್ಗಿದೆವು. ಒಂದು ಚಿಮ್ಮು, ಚೂರು ಮಾಯ. ಸುಮಿತ್ರಾ ತುಳಸಿಬಾಯಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೊಂದು ಚೂರು ಬೀಳುವ ಮೊದಲೇ ಜಗಳಗಂಟ ನೀರಿನ ಮೇಲಕ್ಕೆ ಬಂದು ಕಾಯುತ್ತಿತ್ತು.

ಆಮೇಲೆ ಎರಡು ಮಳೆಗಾಲ ಕಳೆದಿವೆ. ಮೀನು ಅಂಗೈಯಷ್ಟಾಗಿದೆ, ತೊಟ್ಟಿ ಮೂರಡಿಯದಾಗಿದೆ. ತುಳಸಿಬಾಯಿಯ ಬುಟ್ಟಿಯಲ್ಲಿ ಅದರ ಪಾಲಿನ ಸಿಗಡಿ ಇದ್ದೇ ಇರುತ್ತದೆ. ಕಿತ್ತಳೆ ಮೀನಿಗೂ ಒಂದು ತೊಟ್ಟಿ ಇಡಬಹುದಲ್ಲ ಎಂದು ಮೊನ್ನೆ ಸುಮಿತ್ರಾಳೇ ಕೇಳಿದಳು. ಅವಳ ದನಿ ಕೇಳಿದರೆ ಮೀನು ಗಾಜಿಗೆ ಮೂತಿ ಒತ್ತಿ ಕುಣಿಯುತ್ತದೆ, ತುಳಸಿಬಾಯಿ ಗೇಟು ತೆಗೆದರೂ ಕುಣಿಯುತ್ತದೆ. ನಾನು ಕೋಣೆಗೆ ಕಾಲಿಟ್ಟರೆ ಮಾತ್ರ ಕಲ್ಲಿನ ಹಿಂದೆ ಹೋಗಿ ಅಡಗುತ್ತದೆ. ಪ್ರತಿ ಭಾನುವಾರ ಕೊಳವೆ ಹಿಡಿದು, ತೋಳು ಮುಳುಗಿಸಿ, ಅದರ ಮನೆಯ ಕಸ ಎಳೆಯುವವನು ನಾನೇ ತಾನೆ. ಹಾಗಾಗಿ ನನ್ನ ಮೀನನ್ನು ನಾನು ನೋಡಬೇಕಾದರೆ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು, ಕದ್ದು ನೋಡಬೇಕು. ಅಲ್ಲಿಯೂ ಹಿಂದಿನಿಂದ ಸುಮಿತ್ರಾ ಪಿಸುಗುಡುತ್ತಾಳೆ: "ತಲೆ ಒಳಗೆ ತಕಳ್ಳಿ, ಅದು ಊಟ ಮಾಡ್ತಾ ಅದೆ."