ಟವೆಲ್ಲಿನ ಕೆಳಗಿನ ಕ್ರಿಯಾಪದ

ಸಿಂಚನಾ, ಗಗನ್, ಮೊದಲಿಗೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಿಮ್ಮ ಅಜ್ಜಿಗೆ ಮಾತಾಡಲು ಬರುವುದಿಲ್ಲ. ಬರೆಯಲು ಸ್ವಲ್ಪ ಬರುತ್ತದೆ, ಅದೂ ಎದುರಿಗೆ ಯಾರೂ ಇಲ್ಲದಿದ್ದರೆ. ಚನ್ನರಾಯನದುರ್ಗದ ಬೆಟ್ಟದ ಪಕ್ಕದ ಹಳ್ಳಿಯಲ್ಲಿ ನಾನು ಏಳನೇ ಕ್ಲಾಸಿನವರೆಗೆ ಓದಿದೆ. ಹಾಜರಿ ಕರೆದಾಗ ‘ಬಂದಿದೀನಿ ಸಾರ್’ ಎನ್ನುವುದಕ್ಕೂ ನನಗೆ ನಾಚಿಕೆ. ಎದುರಿಗೇ ಕೂತಿದ್ದರೂ ಗೈರುಹಾಜರಿ ಬೀಳುತ್ತಿತ್ತು. ಕೊನೆಗೆ ಪಕ್ಕದಲ್ಲಿ ಕೂರುತ್ತಿದ್ದ ರಜಿಯಾ ನನ್ನ ಪಾಲಿನದನ್ನೂ ಕೂಗತೊಡಗಿದಳು. ಅವಳಿಗೆ ಜ್ವರ ಬಂದ ದಿನ ಪುಸ್ತಕದಲ್ಲಿ ನನಗೂ ಜ್ವರ.

ಇಂಥವಳ ಹತ್ತಿರ ಸಿಂಚನಾ ಹೋದ ತಿಂಗಳು ಮಾತಿನ ಬಗ್ಗೆಯೇ ಸಹಾಯ ಕೇಳಿಕೊಂಡು ಬಂದಳು. ಜನರನ್ನು ಒಪ್ಪಿಸಲು ಆಡುವ ಮಾತನ್ನು ಎಲ್ಲಾದರೂ ಕೇಳಿಸಿಕೊಂಡು ಅದರ ಬಗ್ಗೆ ಒಂದು ಪುಟ ಬರೆಯಬೇಕೆಂದು ಅವಳ ಕನ್ನಡ ಮೇಷ್ಟ್ರು ಕೊಟ್ಟಿದ್ದರಂತೆ. ಇವಳು ನಮ್ಮ ಮಧುಗಿರಿಯ ಬೀದಿಯಲ್ಲಿ ಮೈಕು ಕಟ್ಟಿಕೊಂಡು ಬರುವ ಸೀರೆ ಮಾರಾಟದ ಆಟೋ ಬಗ್ಗೆ ಬರೆದಿದ್ದಳು. ಹಿಂದಕ್ಕೆ ಬಂದ ಹಾಳೆಯಲ್ಲಿ ‘ಹೇಳಿದನು’ ಇದ್ದಲ್ಲೆಲ್ಲ ಕೆಂಪು ಗೆರೆ. ಕೆಳಗೆ ಮೇಷ್ಟ್ರ ಷರಾ: ‘ಬರೀ ಹೇಳಿದನು ಎಂದರೆ ಸಾಲದು. ಹೇಳಿ ಏನು ಮಾಡಿದನು? ಸರಿಯಾದ ಕ್ರಿಯಾಪದ ಹಾಕು.’ ನಾನು ಅವರೆಕಾಯಿ ಸುಲಿಯುತ್ತಿದ್ದೆ. ಸುಲಿಯುತ್ತಲೇ ಒಂದೊಂದನ್ನೂ ಬಿಡಿಸಿಕೊಟ್ಟೆ. ‘ಅಕ್ಕಂದಿರೇ, ತಾಯಂದಿರೇ’ ಎನ್ನುವಾಗ ಅವನು ಓಲೈಸುತ್ತಾನೆ. ‘ನಾಳೆ ಬಂದರೆ ಸಿಗುವುದಿಲ್ಲ’ ಎಂದು ಅವಸರಪಡಿಸುತ್ತಾನೆ. ‘ಪಕ್ಕದ ಬೀದಿಯವರು ಆಗಲೇ ಕೊಂಡಾಯಿತು’ ಎಂದು ಕೆಣಕುತ್ತಾನೆ. ಬಣ್ಣ ಬಿಡುವುದಿಲ್ಲವೆಂದು ನಂಬಿಸುತ್ತಾನೆ. ಸಿಂಚನಾ ಕಣ್ಣು ಅಗಲಿಸಿ ಬರೆದುಕೊಂಡಳು. ಬಾಯಿ ಮುಚ್ಚಿಕೊಂಡು ಬದುಕಿದವಳ ಕಿವಿ ತೆರೆದೇ ಇರುತ್ತದೆ ಎನ್ನುವುದು ಮಗುವಿಗೇನು ಗೊತ್ತು? ಆ ಹಾಳೆಗೆ ಮೇಷ್ಟ್ರು ‘ತುಂಬಾ ಚೆನ್ನಾಗಿದೆ’ ಎಂದು ಬರೆದರು. ನಾನು ಯಾರ ಹತ್ತಿರವೂ ಜಂಬ ಕೊಚ್ಚಿಕೊಳ್ಳಲಿಲ್ಲ. ಕನ್ನಡಕ ಹಾಕಿಕೊಂಡು ಆ ಎರಡು ಪದಗಳನ್ನು ನಾಲ್ಕು ಸಲ ಓದಿದೆ, ಅಷ್ಟೇ.

ಜಂಬಕ್ಕೆ ತಕ್ಕ ಶಾಸ್ತಿ ಆ ಸಂಜೆಯೇ ಆಯಿತು. ಕಡಲೆಕಾಯಿ ತಿನ್ನುತ್ತಿದ್ದ ಗಗನ್ ತಲೆ ಎತ್ತಿ, “ಅಜ್ಜಿ, ತಾತ ನಿನ್ನ ಹೆಂಗೆ ಒಪ್ಪುಸ್ತಿದ್ರು?” ಎಂದ. ಸಿಂಚನಾ ಪೆನ್ಸಿಲ್ ಹಿಡಿದು, “ಒಂದೇ ಕ್ರಿಯಾಪದ ಹೇಳಜ್ಜಿ, ಸಾಕು” ಎಂದಳು. ಹಾಲು ಉಕ್ಕುತ್ತಿದೆ ಎಂದು ಎದ್ದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ನಿಮ್ಮ ತಾತ ಹೋದಾಗ ಸಿಂಚನಾ ತೊಟ್ಟಿಲಲ್ಲಿದ್ದಳು, ಗಗನ್ ಹುಟ್ಟಿರಲಿಲ್ಲ. ನಿಮಗೆ ಗೊತ್ತಿರುವುದು ಗೋಡೆಯ ಮೇಲಿನ ಫೋಟೋ ಒಂದೇ. ಅದರಲ್ಲಿ ಅವರು ಗುರಾಯಿಸುತ್ತಿದ್ದಾರೆ. ಜೀವಮಾನದಲ್ಲಿ ಯಾರನ್ನೂ ಗುರಾಯಿಸಿದವರಲ್ಲ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಅಷ್ಟೇ. ಈಗ ನಾನೂ ಒಂದು ತಪ್ಪು ಕ್ರಿಯಾಪದ ಕೊಟ್ಟುಬಿಟ್ಟರೆ ನೀವು ಬೇರೆ ಯಾರನ್ನೋ ತಾತ ಎಂದು ತಿಳಿದುಕೊಂಡು ಬೆಳೆಯುತ್ತೀರಿ. ಅದಕ್ಕೇ ನೀವಿಬ್ಬರೂ ಶಾಲೆಯಲ್ಲಿರುವ ಹೊತ್ತು ನೋಡಿ ಬರೆಯುತ್ತಿದ್ದೇನೆ.

ಅವರು ದನದ ದಲ್ಲಾಳಿ. ಸಿರಾ, ಮಧುಗಿರಿ, ಎಲ್ಲೇ ಸಂತೆಯಾದರೂ ಹೆಗಲ ಮೇಲೊಂದು ಟವೆಲ್ಲು, ಹಣೆಗೆ ವಿಭೂತಿ. ದಲ್ಲಾಳಿ ಎಂದರೆ ಬಾಯಿಬಡುಕ ಎಂದುಕೊಳ್ಳಬೇಡಿ. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೈಯ ಮೇಲೆ ಟವೆಲ್ಲು ಮುಚ್ಚಿ ಬೆರಳು ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಒಪ್ಪದಿದ್ದರೆ ಬೆರಳು ಬದಲಾಯಿಸುವುದು. ಸುತ್ತ ಹತ್ತು ಜನ ನಿಂತಿದ್ದರೂ ಒಬ್ಬರಿಗೂ ಗೊತ್ತಾಗುವುದಿಲ್ಲ.

ಪಾವಗಡದ ಕಡೆಯ ಅವರ ಮನೆಗೆ ನಾನು ಸೊಸೆಯಾಗಿ ಹೋದಾಗ ಅಲ್ಲಿ ಎಲ್ಲರ ಬಾಯಲ್ಲೂ ತೆಲುಗು. ನಮ್ಮತ್ತೆ ಅನ್ನದ ಸಟ್ಟುಗ ಹಿಡಿದು “ಕೊಂಚೆಂ ತಿನಮ್ಮಾ” ಎಂದರೆ, ಬೈಯುತ್ತಿದ್ದಾರೆಂದು ತಿಳಿದು ಎದ್ದು ಕೈ ತೊಳೆದುಬಿಡುತ್ತಿದ್ದೆ. ಅವರು ಪಾಪ, ಇನ್ನೂ ಸ್ವಲ್ಪ ತಿನ್ನಮ್ಮ ಎನ್ನುತ್ತಿದ್ದರು. ಕನ್ನಡದಲ್ಲೇ ಮಾತಾಡದವಳು ತೆಲುಗಿನಲ್ಲಿ ಏನು ಮಾಡಲಿ? ಸಂತೆ ತಿರುಗುತ್ತಿದ್ದ ನಿಮ್ಮ ತಾತನಿಗೆ ಕನ್ನಡ ಬರುತ್ತಿತ್ತು, ಆದರೆ ಹಿರಿಯರ ಎದುರು ಗಂಡನ ಜೊತೆ ಮಾತಾಡುವ ಹಾಗಿರಲಿಲ್ಲ. ಹೀಗಾಗಿ ಅವರು ಪಕ್ಕದಲ್ಲಿ ಬಂದು ಕೂತು, ತಮ್ಮ ಟವೆಲ್ಲನ್ನು ಏನೋ ಮರೆತವರಂತೆ ನನ್ನ ಕೈಯ ಮೇಲೆ ಇಳಿಬಿಡುತ್ತಿದ್ದರು. ರಾತ್ರಿಗೆ ಮುದ್ದೆ ಎಷ್ಟು? ತವರಿಗೆ ಹೋಗಿ ಬರಲು ದಿನ ಎಷ್ಟು? ಎಲ್ಲವೂ ಬೆರಳಲ್ಲೇ. ಆ ಮನೆಯಲ್ಲಿ ನನಗೆ ಬರುತ್ತಿದ್ದ ಭಾಷೆ ಅದೊಂದೇ.

ನಿಮ್ಮ ಅಮ್ಮ ಹುಟ್ಟಿದಾಗ ಬಾಣಂತನಕ್ಕೆಂದು ತವರಿಗೆ ಬಂದ ನಾನು ಐದು ತಿಂಗಳಾದರೂ ಹೊರಡಲಿಲ್ಲ. ಕಾರಣ ಕೇಳಿದರೆ ಹೇಳಲು ಬಾಯಿಲ್ಲ. ಆಗ ನನ್ನನ್ನು ಒಪ್ಪಿಸಲು ನಡೆದ ಪ್ರಯತ್ನಗಳನ್ನು ಸಿಂಚನಾಳ ಮೇಷ್ಟ್ರು ನೋಡಬೇಕಿತ್ತು. ಅಪ್ಪ ಗದರಿದರು. ಅವ್ವ ಗೋಗರೆದಳು. ಚಿಕ್ಕಪ್ಪ ದೇವರ ಹೆಸರು ಹೇಳಿ ಹೆದರಿಸಿದರು. ಅತ್ತಿಗೆ ಚುಚ್ಚಿದಳು: “ಇರ್ಲಿ ಬುಡಮ್ಮ, ನಮ್ಮನೆ ತೊಟ್ಲು ಗಟ್ಟಿಯಾಗೈತೆ. ನಿನ್ ಮಗಳ ಮಕ್ಳುನ್ನೂ ಇದ್ರಾಗೇ ತೂಗಾನ.” ಇಷ್ಟು ಕ್ರಿಯಾಪದಗಳು ಮೈಮೇಲೆ ಬಿದ್ದರೂ ನಾನು ಅಲುಗಲಿಲ್ಲ.

ಒಂದು ದಿನ ನಿಮ್ಮ ತಾತ ಬಂದರು. ಮಜ್ಜಿಗೆ ಕುಡಿದರು. ಮಗುವನ್ನು ಎತ್ತಿ ನೋಡಿದರು. ಜಗಲಿಯ ಮೇಲೆ ನನ್ನ ಪಕ್ಕ ಕೂತು ಟವೆಲ್ಲು ಇಳಿಬಿಟ್ಟು ಕೈ ಹಿಡಿದರು. ಇನ್ನೆಷ್ಟು ಎಂದು ಕೇಳುತ್ತಿದ್ದಾರೆ. ನಾನು ಐದೂ ಬೆರಳು ಬಿಡಿಸಿದೆ. ಅವರು ಒತ್ತಲಿಲ್ಲ, ಮಡಿಸಲಿಲ್ಲ. ಸಂತೆಯಲ್ಲಾದರೆ ಅಷ್ಟರಲ್ಲಿ ಎರಡು ಜೊತೆ ಎತ್ತು ಮಾರುತ್ತಿದ್ದರೋ ಏನೋ. ಅಂಗಳದಲ್ಲಿ ಅಪ್ಪ ಮಳೆ ಬೆಳೆ ಮಾತಾಡುತ್ತಿದ್ದರು, ಇವರು ಹೂಂಗುಟ್ಟುತ್ತಿದ್ದರು, ಕೈ ಮಾತ್ರ ಅಲ್ಲೇ ಇತ್ತು. ಬಹಳ ಹೊತ್ತಾದ ಮೇಲೆ ನನ್ನದೇ ಒಂದು ಬೆರಳು ಮಡಿಯಿತು. ಆಮೇಲೆ ಇನ್ನೊಂದು. ಮೂರಕ್ಕೆ ನಿಂತಿತು. ಅವರು ಮೆಲ್ಲಗೆ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಮೂರನೇ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಮಗುವಿಗೆ ಕಾಡಿಗೆ ಹಚ್ಚಿ, ಗಂಟು ಕಟ್ಟಿ ಜಗಲಿಯ ಮೇಲೆ ಕೂತೆ. ಅವರು ಬರಲಿಲ್ಲ. ನಾಲ್ಕನೇ ದಿನವೂ ಕೂತೆ. ಐದು ತಿಂಗಳು ಹೊರಡು ಹೊರಡು ಎಂದವರೆಲ್ಲ ಈಗ ಸೆರಗು ಅಡ್ಡ ಹಿಡಿದು ನಗುವವರೇ. “ಯಾರ್ನ ಕಾಯ್ತಿದೀಯಮ್ಮ?” ಎಂದು ಅತ್ತಿಗೆ ಬೇಕೆಂದೇ ದಿನಕ್ಕೆ ಹತ್ತು ಸಲ ಕೇಳುವಳು. ಕೊನೆಗೂ ಅವರು ಬಂದದ್ದು ಮೂರು ವಾರ ತುಂಬಿದ ದಿನ. ದಾರಿಯಲ್ಲಿ ಬಸ್ಸು ಅರ್ಧ ಖಾಲಿಯಾದ ಮೇಲೆ ಧೈರ್ಯ ಮಾಡಿ ಬಾಯಿಬಿಟ್ಟೆ, “ನಾನು ಹೇಳಿದ್ದು ಮೂರು ದಿನ.” ಅವರು ನನ್ನ ಮುಖ ನೋಡಿ, “ಅಯ್ಯೋ, ನಾನು ವಾರ ಅನ್ಕಂಬುಟ್ಟೆ ಕಣೆ. ಬೇಗ ಬಂದ್ರೆ ನಿಂಗೆ ಬೇಜಾರಾಗ್ತದೆ ಅಂತ ದಿನ ಎಣಿಸ್ಕಂಡು ಕುಂತಿದ್ದೆ” ಎಂದರು. ಆಮೇಲೆ ಊರು ಬರುವವರೆಗೂ ನಕ್ಕರು.

ಕೊನೆಯ ಸಲ ಆಸ್ಪತ್ರೆಯಲ್ಲೂ ಆ ಟವೆಲ್ಲು ಅವರ ಪಕ್ಕದಲ್ಲೇ ಇತ್ತು. ಮಾತು ನಿಂತಿತ್ತು. ಅದನ್ನು ನನ್ನ ಕೈಯ ಮೇಲೆ ಎಳೆದು ಎರಡು ಬೆರಳು ಹಿಡಿದರು. ಎರಡು ಏನು ಎಂದು ಕೇಳಬೇಕಿತ್ತು. ನರ್ಸಮ್ಮ ನಿಂತಿದ್ದಳು, ನಾಚಿಕೆಯಾಯಿತು. ಎರಡು ದಿನವಲ್ಲ, ವಾರವಲ್ಲ, ವರ್ಷವೂ ಅಲ್ಲ. ಅವೆಲ್ಲ ಕಳೆದುಹೋದವು, ಕರೆದುಕೊಂಡು ಹೋಗಲು ಅವರು ಬರಲಿಲ್ಲ. ಈಗಲೂ ಕೆಲವು ಸಂಜೆ ಆ ಟವೆಲ್ಲನ್ನು ಕೈಯ ಮೇಲೆ ಹಾಕಿಕೊಂಡು ಕೂರುತ್ತೇನೆ. ನಿಮ್ಮ ಅಮ್ಮ “ಚಳಿಯಾ ಅವ್ವ?” ಎನ್ನುತ್ತಾಳೆ. ಹೂಂ ಎನ್ನುತ್ತೇನೆ.

ಸಿಂಚನಾ, ನಿನಗೆ ಬೇಕಾಗಿದ್ದ ಪದ ‘ಕಾದರು’. ಬೆರಳು ಹಿಡಿದು, ಅದು ತಾನಾಗಿ ಮಡಿಯುವವರೆಗೆ ಕಾದರು. ಒಪ್ಪಿಸುವ ಮಾತುಗಳ ಪಟ್ಟಿಯಲ್ಲಿ ಇದು ಬರುವುದೇ ಇಲ್ಲ ಎಂದು ನಿಮ್ಮ ಮೇಷ್ಟ್ರು ಹೊಡೆದು ಹಾಕಬಹುದು. ಹಾಕಲಿ. ಅವರು ನಿಮ್ಮ ತಾತನ ಪಕ್ಕ ಕೂತವರಲ್ಲ.

ಈ ಹಾಳೆಗಳನ್ನು ಅದೇ ಟವೆಲ್ಲಿನಲ್ಲಿ ಸುತ್ತಿ ನನ್ನ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಇಡುತ್ತೇನೆ. ಜೋಪಾನ ಮಾಡಿ. ಮುಂದೆ ಎಂದಾದರೂ ಇದರ ಬಗ್ಗೆ ಬರೆದರೆ, ಅಜ್ಜಿ ಗೋಗರೆದರು, ಒತ್ತಾಯಿಸಿದರು ಎಂದೆಲ್ಲ ಬರೆಯಬೇಡಿ. ಕೆಂಪು ಗೆರೆ ಬಿದ್ದರೂ ಪರವಾಗಿಲ್ಲ, ‘ಜೋಪಾನ ಮಾಡಿ ಎಂದು ಅಜ್ಜಿ ಹೇಳಿದರು’ ಎಂದೇ ಬರೆಯಿರಿ. ಇದ್ದಲ್ಲೇ ಇದ್ದರೂ ‘ಬಂದಿದೀನಿ ಸಾರ್’ ಎನ್ನಲಾರದೆ ಹೋದವಳಿಗೆ ಅದು ಸಣ್ಣ ಕ್ರಿಯಾಪದವಲ್ಲ.